ನಾಲ್ಕನೇ ನುಡಿ

ನಮ್ಮ ಕಡೆಯ ಆಲ್ಬಂ ಹಾಡುಗಳಿಗೆ ಮೂರು ನುಡಿ ಇರುತ್ತವೆ, ಆಮೇಲೆ ಒಂದು ಹಾಜರಿ ಪುಸ್ತಕ ಇರುತ್ತದೆ. ಮೊದಲ ಮೂರರಲ್ಲಿ ಹುಡುಗಿ ಕೈಕೊಡುತ್ತಾಳೆ, ಹುಡುಗ ಅಳುತ್ತಾನೆ, ಅತ್ತು ಮುಗಿದ ಮೇಲೆ ಅವಳಿಗೆ ಬುದ್ಧಿ ಹೇಳುತ್ತಾನೆ. ನಾಲ್ಕನೆಯದರಲ್ಲಿ ಬರೆದವನ ಹೆಸರು, ಅವನ ಊರು, ಹಾಡಿದವನ ಹೆಸರು, ಅವನ ಊರು, ಖರ್ಚು ಹಾಕಿದ ಟ್ರ್ಯಾಕ್ಟರ್ ಮಾಲೀಕ, ಶೂಟಿಂಗಿಗೆ ಬೈಕ್ ಕೊಟ್ಟ ಗೆಳೆಯ, ಆ ಗೆಳೆಯನ ದೋಸ್ತರ ಬಳಗ, ಎಲ್ಲರೂ ತಾಳಕ್ಕೆ ಸರಿಯಾಗಿ ಸಾಲುಗಟ್ಟಿ ನಿಲ್ಲುತ್ತಾರೆ. ಜಾಗ ಸಾಲದಿದ್ದರೆ ಹುಡುಗಿ ಕೈಕೊಟ್ಟ ಕಥೆಯನ್ನೇ ಒಂದು ಸಾಲು ಮೊಟಕು ಮಾಡುತ್ತಾರೆ. ಹೆಸರುಗಳನ್ನು ಮುಟ್ಟುವುದಿಲ್ಲ.

ಹಾಡು ಬರೆಯಲು ಶುರು ಮಾಡಿದಾಗ ನಾನು ಇದೊಂದನ್ನು ಮಾಡಬಾರದು ಎಂದುಕೊಂಡಿದ್ದೆ. ಆಗ ನನಗೆ ಇಪ್ಪತ್ತೊಂದು. ದಿನಾ ಮಸ್ಕಿಯಿಂದ ಲಿಂಗಸುಗೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಹೆಸರಿಗೆ ಬಿ.ಎ., ಓದಿದ್ದು ಚರ್ಚಾಸ್ಪರ್ಧೆ. ಚೀಟಿಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಮೊಬೈಲು ಯುವಜನರನ್ನು ಹಾಳು ಮಾಡಿದೆ ಎಂದು ಒಂದು ಕಾಲೇಜಿನಲ್ಲಿ ಗೆದ್ದು, ಅದೇ ವಾರ ಇನ್ನೊಂದರಲ್ಲಿ ಮೊಬೈಲೇ ಅವರನ್ನು ಉದ್ಧಾರ ಮಾಡಿದೆ ಎಂದು ಗೆದ್ದವಳು ನಾನು. ಬಹುಮಾನಕ್ಕೆ ಸ್ಟೀಲಿನ ತಟ್ಟೆ ಕೊಡುತ್ತಿದ್ದರು. ನಮ್ಮ ಮನೆಯಲ್ಲಿ ಎಲ್ಲರೂ ನನ್ನ ವಾದದಲ್ಲೇ ಉಣ್ಣುತ್ತಿದ್ದರು.

ಆ ವರ್ಷ ಕನ್ಯಾ ನೋಡಲು ಐದು ಮನೆಯವರು ಬಂದು ಹೋದರು. ಐದನೆಯವರು ಕಾಲುವೆ ಸೀಮೆಯವರು, ವರ್ಷಕ್ಕೆ ಎರಡು ಬೆಳೆ ಭತ್ತ ತೆಗೆಯುವವರು. ಹುಡುಗ ನನ್ನನ್ನು ನೋಡುವ ಬದಲು ಮೊಬೈಲು ನೋಡಿದ. ಅವನ ದೊಡ್ಡಪ್ಪ ನಮ್ಮ ತೊಲೆ, ಗೋಡೆ, ಫ್ಯಾನು ಎಲ್ಲವನ್ನೂ ನೋಡಿ, "ಹೊಲ ನೀರಾವರಿ ಏನ್ರಿ, ಖುಷ್ಕಿ ಏನ್ರಿ?" ಎಂದು ಅಪ್ಪನನ್ನು ಕೇಳಿದ. ಖುಷ್ಕಿ ರೀ, ಮಳಿ ನಂಬಿದ್ದು, ಎಂದ ಅಪ್ಪ. ಆಮೇಲೆ ಆತ ಮಾತಾಡಲಿಲ್ಲ. ಎರಡನೇ ಸಲ ಬಡಿಸಿದ ಉಪ್ಪಿಟ್ಟನ್ನು ಮಾತ್ರ ಬೇಡವೆನ್ನಲಿಲ್ಲ. ಕೈ ತೊಳೆದು, "ತಿಳಸ್ತೀವ್ರಿ" ಎಂದು ಎದ್ದರು. ಮೊದಲಿನ ನಾಲ್ವರೂ ಅದನ್ನೇ ಹೇಳಿ ಹೋಗಿದ್ದರು. ತಿಳಿಸಿದವರು ಒಬ್ಬರೂ ಇಲ್ಲ.

ಮರುದಿನ ಬಸ್ಸಿನಲ್ಲಿ, ನಿಂತುಕೊಂಡೇ, ಹಾಡು ಬಂತು. ಲಿಂಗಸುಗೂರು ಮುಟ್ಟುವುದರೊಳಗೆ ಪಲ್ಲವಿ ಮುಗಿದಿತ್ತು.

ಉಪ್ಪಿಟ್ಟು ತಿಂದ್ರಿ, ಚಾ ಕುಡದ್ರಿ,
ತಿಳಸ್ತೀವಂತ ಎದ್ದು ನಡದ್ರಿ.
ಕಾಲುವಿ ನೀರು ಹರದೈತಿ ಮನಿಮುಂದ,
ಒಂದ ಮಾತಿಗೆ ಬರಾ ಏನ್ರಿ?

ನನಗೆ ಆವರೆಗೆ ಬಂದ ಯಾವ ವಾದವೂ ಇಷ್ಟು ಚಿಕ್ಕದಾಗಿ ಬಂದಿರಲಿಲ್ಲ.

ಸಿಂಧನೂರಿನಲ್ಲಿ ಒಂದು ರೆಕಾರ್ಡಿಂಗ್ ಖೋಲಿ ಇತ್ತು, ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ. ಗೋಡೆಗೆಲ್ಲ ತತ್ತಿ ಇಡುವ ಟ್ರೇ ಅಂಟಿಸಿದ್ದರು, ಸದ್ದು ಒಳಗೆ ಬರಬಾರದೆಂದು. ಬರುತ್ತಿತ್ತು. ಹಿಂದುಗಡೆಯೇ ರೈಸ್ ಮಿಲ್ಲು. ಹಾಗಾಗಿ ಮಿಲ್ಲಿನವರು ಊಟಕ್ಕೆ ಬಿಟ್ಟ ಒಂದು ತಾಸಿನಲ್ಲಿ ಮಾತ್ರ ಹಾಡುವುದು. ಸೀಮೆಯ ಎಷ್ಟೋ ವಿರಹಗಳು ಆ ಒಂದು ತಾಸಿನಲ್ಲಿ ಗಡಿಬಿಡಿಯಿಂದ ಮುಗಿದಿವೆ. ಖೋಲಿಯ ಯಜಮಾನ ಹಿಂದೆ ನಾಟಕ ಕಂಪನಿಯಲ್ಲಿ ಪೇಟಿ ನುಡಿಸುತ್ತಿದ್ದವರು. ಈಗ ಕಂಪ್ಯೂಟರಿನ ಮುಂದೆ ಅದೇ ಭಂಗಿಯಲ್ಲಿ ಕೂತಿರುತ್ತಾರೆ. ಎಲ್ಲರಿಗೂ ಮಾಸ್ತರ.

ಮಾಸ್ತರರು ನನ್ನ ಹಾಡನ್ನು ಎರಡು ಸಲ ಕೇಳಿದರು. ಕಾಗದ ತಿರುಗಿಸಿ ಹಿಂದೆ ನೋಡಿದರು.

"ನಾಕನೇ ನುಡಿ ಎಲ್ಲೈತಿ?"

"ಇಲ್ರಿ. ಮೂರೇ."

"ಹೆಸರು?"

"ಹೆಸರು ಹಾಕೂದಿಲ್ರಿ ಮಾಸ್ತರ. ಹಾಡು ಹಾಡಿನಂಗ ಇರ್ಲಿ. ಅದೇನು ಅಂಗಡಿ ಬೋರ್ಡೇನು?"

ಅವರು ಕನ್ನಡಕ ತೆಗೆದರು. "ನಿಮ್ಮ ಮನಿಯಾಗ ಸೋಮವಾರ ಭಜನಿ ಮಾಡ್ತೀರಲ್ಲ, ಕಡೀ ನುಡಿಯಾಗ ಗುರುವಿನ ಹೆಸರು ಬರೂದಿಲ್ಲೇನು? ವಚನಕ್ಕ ಅಂಕಿತ ಇಲ್ಲೇನು?"

"ಅದು ದೇವರ ಹೆಸರು ರೀ. ಟ್ರ್ಯಾಕ್ಟರ್ ಮಾಲಕರದಲ್ಲ."

"ದೇವರಿಗೆ ಟ್ರ್ಯಾಕ್ಟರ್ ಇಲ್ಲಂತ ನಿನಗ್ಯಾರು ಹೇಳಿದ್ರು ತಂಗಿ?"

ನಾನು ಸೆರಗು ಬಿಗಿದು ನಿಂತೆ ಎನ್ನಬೇಕು, ಹಾಕಿದ್ದು ಚೂಡಿದಾರ. ಹೆಸರು ಹಾಕುವುದು ಅಹಂಕಾರ ಎಂದೆ. ಕೇಳುಗನಿಗೆ ಬರೆದವನ ಊರು ಬೇಕಿಲ್ಲ ಎಂದೆ. ಬಾವಿ ನೀರು ಕುಡಿಯುವವನು ತೋಡಿದವನ ಹೆಸರು ಕೇಳಿ ಕುಡಿಯುತ್ತಾನೆಯೇ ಎಂದೆ. ಇದು ನಾನು ಮೂರು ಸ್ಪರ್ಧೆಗಳಲ್ಲಿ ಬಳಸಿ ಗೆದ್ದ ಉಪಮೆ. ಮಾಸ್ತರರು ನಡುವೆ ಒಂದೇ ಮಾತು ಹೇಳಿದರು: "ಕೊಳ್ಳಾಗ ಹಗ್ಗ ಇಲ್ಲದ ಎಮ್ಮಿ ಯಾರ ಕೊಟ್ಟಗಿಗಾದ್ರೂ ಹೋಗ್ತದವ್ವ." ನಾನು ಅದನ್ನೂ ಉರುಳಿಸಿದೆ, ಹಾಡು ಎಮ್ಮೆಯಲ್ಲ ಎಂದು. ಗಡಿಯಾರ ನೋಡಿದರು. "ಆತು, ನೀ ಗೆದ್ದಿ. ಮಿಲ್ಲು ಚಾಲೂ ಆಗೂದರಾಗ ಹಾಡು."

ಹಾಡಿದೆ. ಅವರ ಚಾನೆಲ್ಲಿನಲ್ಲಿ ಬಿಟ್ಟರು. ವಿಡಿಯೋದ ಕೆಳಗೆ ನನ್ನ ಹೆಸರು, ಸಾಹಿತ್ಯ, ಗಾಯನ ಎಂದು ಅಚ್ಚುಕಟ್ಟಾಗಿ ಬರೆದಿತ್ತು. ಅಷ್ಟು ಸಾಕು ಎಂದು ತಿಳಿದವಳಿಗೆ ತನ್ನ ಊರು ಗೊತ್ತಿರಲಿಲ್ಲ ಎಂದೇ ಅರ್ಥ. ನಮ್ಮಲ್ಲಿ ಹಾಡನ್ನು ಯಾರೂ ನೋಡುವುದಿಲ್ಲ, ಎಲ್ಲರೂ ಕೇಳುತ್ತಾರೆ. ಆಟೋದಲ್ಲಿ, ಟ್ರ್ಯಾಕ್ಟರಿನಲ್ಲಿ, ಮದುವೆಯ ಹಿಂದಿನ ದಿನದ ಸ್ಪೀಕರಿನಲ್ಲಿ, ನಾಟಿ ಹಚ್ಚುವ ಹೆಂಗಸರು ಸೊಂಟಕ್ಕೆ ಸಿಕ್ಕಿಸಿದ ಮೊಬೈಲಿನಲ್ಲಿ. ಕೆಳಗೆ ಬರೆದದ್ದು ಕೆಳಗೇ ಉಳಿಯುತ್ತದೆ. ಹಾಡು ಹೋಯಿತು.

ನಿಜವಾಗಿಯೂ ಹೋಯಿತು. ಎರಡು ತಿಂಗಳಿಗೆ ಸಿಂಧನೂರಿನ ಆಟೋ ಒಂದರಲ್ಲಿ ಕೂತಾಗ ಆಟೋದವನು ಅದೇ ಹಾಡು ಹಾಕಿದ್ದ. ದನಿ ಗಂಡಸಿನದು. ಇರಲಿ, ಯಾರೋ ಹಾಡಿಕೊಂಡಿದ್ದಾರೆ ಎಂದು ದೊಡ್ಡ ಮನಸ್ಸು ಮಾಡಿ ಕೂತೆ. ಮೂರು ನುಡಿ ಮುಗಿಯಿತು. ನಾಲ್ಕನೆಯದು ಶುರುವಾಯಿತು. ಲಿಂಗಸುಗೂರು ನಮ್ಮೂರ ಕೇಳ್ರಿ, ಬರದವ ಹಾಡಿದವ ನಾನ ಕೇಳ್ರಿ, ಎಂದು ತನ್ನ ಹೆಸರು, ತನ್ನ ಆರ್ಕೆಸ್ಟ್ರಾದ ಹೆಸರು, ತಬಲಾದವನ ಹೆಸರು.

"ಈ ಹಾಡು ಯಾರು ಬರದಿದ್ದು?" ಎಂದು ಆಟೋದವನನ್ನು ಕೇಳಿದೆ.

"ಈಗ ಹೇಳಿದ್ನಲ್ರಿ. ಕೇಳ್ಳಿಲ್ಲೇನು?"

"ಅವ ಬರದಿಲ್ಲ. ನಾ ಬರದೀನಿ."

ಕನ್ನಡಿಯಲ್ಲಿ ನನ್ನನ್ನು ನೋಡಿದ. ಅವನ ಮುಖದಲ್ಲಿ ಅನುಮಾನ ಇರಲಿಲ್ಲ, ಕನಿಕರ ಇತ್ತು. "ಹಂಗಾರ ನಿಮ್ಮ ಹೆಸರು ಹಾಡಿನ್ಯಾಗ ಎಲ್ಲೈತ್ರಿ?"

ಸಂತೆ ಬೀದಿ ಬರುವವರೆಗೆ ವಾದ ಮಾಡಿದೆ. ಇಳಿಯುವಾಗ ಅವನು, "ನೀವೂ ಚಂದ ಮಾತಾಡ್ತೀರಿ, ಒಂದು ಹಾಡು ಬರೀರಿ" ಎಂದ.

ಮನೆಯಲ್ಲಿ ಹೇಳಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹಾಡು ಬಂದ ದಿನದಿಂದ ಮಂದಿ ಏನಂದಾರು ಎಂದು ಮುನಿಸಿಕೊಂಡಿದ್ದವಳು ಈಗ ಕೈ ನಿಲ್ಲಿಸಿದಳು.

"ಅಂದ್ರ ಆ ಉಪ್ಪಿಟ್ಟು ಅವರ ಮನ್ಯಾಗ ಮಾಡಿದ್ದಂತ ಆತೇನು?"

"ಹಂಗಂತ ಆತು."

"ನಾ ಹೊತ್ತಿಗೆ ಮುಂಚೆ ಎದ್ದು, ಐದು ಸಲ ಮಾಡೀನಿ. ಗೋಡಂಬಿ ಹಾಕಿ ಮಾಡೀನಿ. ಅವನವ್ವ ಏನು ಮಾಡ್ಯಾಳ?" ಎಂದು ಹಿಟ್ಟಿನ ಕೈ ಒರೆಸಿಕೊಂಡಳು. "ಊರೂರಿಗೆ ಭಾಷಣ ಮಾಡಿ ತಟ್ಟಿ ತರ್ತೀ. ಹೋಗು, ನಿನ್ನ ಹಾಡು ತಗೊಂಡು ಬಾ."

ಲಿಂಗಸುಗೂರಿನಲ್ಲಿ ಅವನನ್ನು ಹುಡುಕುವುದು ಕಷ್ಟವಾಗಲಿಲ್ಲ, ವಿಳಾಸ ಹಾಡಿನಲ್ಲೇ ಇತ್ತು. ಫ್ಲೆಕ್ಸ್ ಮುದ್ರಿಸುವ ಅಂಗಡಿಯಲ್ಲಿ ಕೆಲಸ. ಸಂಜೆ, ಭಾನುವಾರ ಆರ್ಕೆಸ್ಟ್ರಾ. ನನಗಿಂತ ಒಂದೆರಡು ವರ್ಷ ಚಿಕ್ಕವನು. ಯಾರೋ ಒಬ್ಬರ ಹುಟ್ಟುಹಬ್ಬದ ಆಳೆತ್ತರದ ನಗುಮುಖವನ್ನು ನೆಲದ ಮೇಲೆ ಹಾಸಿ ಅಂಚು ಕತ್ತರಿಸುತ್ತಿದ್ದ. ನಾನು ಯಾರೆಂದು ಹೇಳಿದ ಕೂಡಲೇ ಎದ್ದು ನಿಂತ. ಕಳ್ಳನಿಗೆ ಇರಬೇಕಾದ ಒಂದು ಲಕ್ಷಣವೂ ಅವನಲ್ಲಿ ಇರಲಿಲ್ಲ.

"ನೀವೇನ್ರಿ ಅಕ್ಕಾರ. ಕುಂದ್ರಿ, ಚಾ ತರಸ್ತೀನಿ. ಏನು ಹಾಡ್ರಿ ಅದು. 'ಒಂದ ಮಾತಿಗೆ ಬರಾ ಏನ್ರಿ' ಅಂದಾಗ ಮಂದಿ ಸೀಟಿ ಹೊಡೀತಾರ."

"ನನ್ನ ಹಾಡಿಗೆ ನಿನ್ನ ಹೆಸರು ಯಾಕ ಹಾಕ್ದಿ?"

"ಹೆಸರು ಇರ್ಲಿಲ್ಲಲ್ರಿ." ಅವನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕೇಳಿಸಿತ್ತು. "ಮೂರು ಸಲ ಕೇಳ್ದೆ, ಕಡೀತನಕ ಕೇಳ್ದೆ. ನಾಕನೇ ನುಡಿ ಬರ್ಲೇ ಇಲ್ಲ. ಬರದವರು ಬಿಟ್ಟಾರ ಅಂದ್ಕೊಂಡೆ. ಬೇವಾರ್ಸಿ ಹಾಡು, ಪಾಪ, ನಾನಾದ್ರೂ ಇಟ್ಕೊಳ್ಳೂಣು ಅಂತ."

"ನಾ ಬಿಟ್ಟಿಲ್ಲ."

"ಬಿಟ್ಟಿಲ್ಲಂದ್ರ ಹೆಸರು ಯಾಕ ಹಾಕಿಲ್ರಿ?"

ಹೆಸರು ಹಾಕುವುದು ಅಹಂಕಾರ ಎಂಬ ಆ ಮಾಳಿಗೆಯ ವಾದ ಬಾಯಿಯ ತನಕ ಬಂತು. ಅದನ್ನು ಅವನೆದುರು ಆಡಿದರೆ ನಾನೇ ಅವನ ವಕೀಲಳಾಗುತ್ತೇನೆ ಎಂದು ಅಷ್ಟರಲ್ಲಿ ಹೊಳೆಯಿತು. ಕಾನೂನು ಎಂದೆ. "ಕೇಸ್ ಹಾಕ್ತೀರೇನ್ರಿ?" ಎಂದು ನಿಜವಾಗಿ ಹೆದರಿ ಕೇಳಿದ, ಆ ಹೆದರಿಕೆ ಕಂಡು ನನಗೇ ಹೇಸಿಗೆಯಾಯಿತು. ಅವನ ಕೈಗೆ ಇನ್ನೂ ಆ ನಗುಮುಖದ ಕಿವಿಯ ಅಂಚಿನ ಚೂರು ಅಂಟಿಕೊಂಡಿತ್ತು. ಚಾ ಬಂತು. ಎರಡನೇ ನುಡಿಯಲ್ಲಿ ನಾನು ಒಂದು ಸಾಲು ಉದ್ದ ಮಾಡಿದ್ದೆನಂತೆ, ಉಸಿರು ಸಾಲುವುದಿಲ್ಲವಂತೆ, ಅವನು ಒಂದು ಶಬ್ದ ತೆಗೆದು ಹಾಡುತ್ತಿದ್ದಾನಂತೆ. ಹಾಡಿ ತೋರಿಸಿದ. ಅವನದೇ ಸರಿಯಾಗಿತ್ತು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

"ಒಂದು ಕೆಲಸ ಮಾಡ್ರಿ ಅಕ್ಕಾರ. ನಿಮ್ಮ ಹೆಸರಿಂದು ಒಂದು ನುಡಿ ಬರದು ಹಾಡಿ ಬಿಡ್ರಿ. ಅವತ್ತಿನಿಂದ ನನ್ನ ನುಡಿ ಬಂದ್. ನಿಮ್ಮದ ಹಾಡ್ತೀನಿ, ಆಣಿ ಮಾಡಿ ಹೇಳ್ತೀನಿ."

ಮೂರು ನುಡಿ ನನಗೆ ಒಂದು ಮಧ್ಯಾಹ್ನದಲ್ಲಿ ಬಂದಿದ್ದವು. ನಾಲ್ಕನೆಯದಕ್ಕೆ ಹನ್ನೊಂದು ದಿನ ಹಿಡಿಯಿತು. ಯಾರ ಪರವಾಗಿಯಾದರೂ ಆರು ನಿಮಿಷ ಮಾತಾಡಬಲ್ಲವಳು, 'ನಾನು ಇಂಥವಳು, ಇಂಥ ಊರಿನವಳು' ಎಂದು ಎರಡು ಸಾಲು ಹೇಳಲು ಕಾಗದ ಹರಿದು ಹರಿದು ಒಗೆದೆ. ಒಂದರಲ್ಲಿ ನನ್ನ ಹೆಸರು ಮಂಡನೆಯ ವಿಷಯದಂತೆ ಕೇಳುತ್ತಿತ್ತು. ಇನ್ನೊಂದರಲ್ಲಿ ತೀರಿಹೋದವರ ಹೆಸರಿನಂತೆ. ಗೇಲಿ ಮಾಡಿದ್ದ ಟ್ರ್ಯಾಕ್ಟರ್ ಹಾಡುಗಳನ್ನೆಲ್ಲ ಮತ್ತೆ ಹಾಕಿಕೊಂಡು ಕೇಳಿದೆ. ಆ ಹುಡುಗರು ತಮ್ಮ ಹೆಸರನ್ನು ಎಷ್ಟು ಸಲೀಸಾಗಿ, ತಾಳ ತಪ್ಪದೆ, ನಾಚದೆ ಹೇಳುತ್ತಾರೆ! ಹಾಡು ಮಾತ್ರ ಅದೇ ಕಸ. ಕೊನೆಗೆ ಬಂದದ್ದು ಹೀಗೆ:

ಮಸ್ಕಿ ಗುಡ್ಡದ ಬುಡಕ ನಮ್ಮನಿ ಐತ್ರಿ,
ಉಪ್ಪಿಟ್ಟು ಮಾಡಿದಾಕಿ ನಮ್ಮವ್ವ.
ತಿಳಸ್ತೀವಂದವರಿಗೆ ತಿಳಸಾಕ ಬಂದೀನಿ...

ಅದರ ಮುಂದೆ ನನ್ನ ಹೆಸರು. ಇಲ್ಲಿ ಬರೆಯುವುದಿಲ್ಲ, ಬರಹದಲ್ಲಿ ಕೆಳಗೆ ಬರೆದ ಹೆಸರಿನ ಗತಿ ಏನೆಂದು ನನಗೆ ಗೊತ್ತಾಗಿದೆ.

ಮಾಸ್ತರರು ಒಂದು ಮಾತೂ ಚುಚ್ಚಲಿಲ್ಲ, ಅದು ಇನ್ನೂ ಕೆಟ್ಟದ್ದು. ಮಿಲ್ಲು ನಿಂತ ಮೇಲೆ ಹಾಡಿಸಿದರು. "ಮತ್ತೊಮ್ಮೆ," ಎಂದರು. "ಹೆಸರು ನುಂಗಾಕತ್ತೀ." ಮತ್ತೆ ಹಾಡಿದೆ. "ಈಗೂ ನುಂಗಿದಿ. ಮಂದಿ ಹೆಸರು ಅಂತ ತಿಳಕೊಂಡು ಹಾಡು ತಂಗಿ, ಬಾಯಿಗೆ ಬರ್ತದ." ಎಂಟನೇ ಸಲಕ್ಕೆ ಬಂತು.

ಲಿಂಗಸುಗೂರಿನ ಹುಡುಗ ಮಾತಿಗೆ ತಪ್ಪಲಿಲ್ಲ, ತನ್ನ ನುಡಿ ನಿಲ್ಲಿಸಿದ. ಆದರೆ ಒಮ್ಮೆ ಮಂದಿಯ ಬಾಯಿಗೆ ಬಿದ್ದದ್ದನ್ನು ನಿಲ್ಲಿಸುವುದು ಅವನ ಕೈಯಲ್ಲೂ ಇರಲಿಲ್ಲ. ಆ ವರ್ಷ ಲಿಂಗಸುಗೂರಿನ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ನನ್ನನ್ನು ಹಾಡಲು ಕರೆದರು. ಅದೇ ಸಭಾಂಗಣ, ನಾನು ತಟ್ಟೆ ಗೆಲ್ಲುತ್ತಿದ್ದ ಜಾಗ. ಮೂರೂ ನುಡಿಯನ್ನು ಹುಡುಗ ಹುಡುಗಿಯರು ನನಗಿಂತ ಗಟ್ಟಿಯಾಗಿ ಹಾಡಿದರು. ನಾಲ್ಕನೆಯದು ಬಂತು. ನಾನು ಮಸ್ಕಿ ಎಂದೆ, ಅರ್ಧ ಸಭೆ ಲಿಂಗಸುಗೂರು ಎಂದಿತು. ನಾನು ನನ್ನ ಹೆಸರು ಹೇಳಿದೆ, ಅವರು ಅವನ ಹೆಸರು ಹೇಳಿದರು, ಕುಣಿದರು.

ಕೈ ಎತ್ತಿ ವಾದ್ಯ ನಿಲ್ಲಿಸಿದೆ. ಸಭೆಯ ಕೂಗೂ ನಿಂತಿತು. ನಾನು ಭಾಷಣ ಮಾಡುತ್ತೇನೆಂದು ತಿಳಿದ ಪ್ರಾಧ್ಯಾಪಕರೊಬ್ಬರು ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತರು. ಭಾಷಣ ನಾಲಿಗೆಯ ತುದಿಯಲ್ಲಿ ಇತ್ತು ಕೂಡ. ಅದನ್ನು ಬಿಟ್ಟು ಮೈಕಿನಲ್ಲಿ, ಪೇಟಿಯಿಲ್ಲದೆ, ಆ ನುಡಿಯನ್ನೇ ಮತ್ತೆ ಹಾಡಿದೆ. ಮತ್ತೊಮ್ಮೆ ಹಾಡಿದೆ. ಮೂರನೇ ಸಲಕ್ಕೆ ಮುಂದಿನ ನಾಲ್ಕೈದು ಸಾಲಿನವರು ಸರಿಯಾದ ಹೆಸರು ಹಿಡಿದರು, ನಡುವಿನವರು ತಡವರಿಸಿದರು. ಗೋಡೆಗೆ ಒರಗಿ ನಿಂತ ಹಿಂದಿನವರು ಮಾತ್ರ ಬೇಕೆಂದೇ ಅವನ ಹೆಸರು ಕೂಗುತ್ತಿದ್ದರು.

ನಾಲ್ಕನೇ ಸಲ ಅವರ ಕಡೆ ನೋಡಿಕೊಂಡೇ ಹಾಡಿದೆ.