ನೇರಳೆ ಕೇಕಿನ ಕೊನೆಯ ತುಂಡು

ಹೋದ ವರ್ಷದ ಬೇಸಿಗೆಯಲ್ಲಿ ನಾನು ಷಿಕಾಗೊ ಪಕ್ಕದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ, ಸಿಹಿತಿನಿಸು ತಯಾರಿಸುವ ಕಂಪನಿಯೊಂದರಲ್ಲಿ ಕನ್ಸ್ಯೂಮರ್ ರಿಸರ್ಚ್ ಮ್ಯಾನೇಜರ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಸರಳ. ಜನ ಏನನ್ನು ಕೊಳ್ಳುತ್ತಾರೆ, ಯಾಕೆ ಕೊಳ್ಳುತ್ತಾರೆ ಎಂದು ಅವರನ್ನೇ ಕೇಳಿ ವರದಿ ಬರೆಯುವುದು. ಇಪ್ಪತ್ತಾರು ವರ್ಷ ಇದನ್ನೇ ಮಾಡಿದ್ದೆ, ನಿವೃತ್ತಿಗೆ ಒಂದೇ ವರ್ಷ ಬಾಕಿ ಇತ್ತು. ಈ ವಿಷಯದಲ್ಲಿ ನಸ್ರೀನ್ ಎಂಬ ನನಗೆ ಗೊತ್ತಿಲ್ಲದ್ದು ಏನಿದೆ ಎಂಬ ಕೊಬ್ಬೂ ಇತ್ತು, ಸುಳ್ಳು ಯಾಕೆ ಹೇಳಲಿ.

ಆಗ ನಮ್ಮದೊಂದು ಕೇಕು ಇದ್ದಕ್ಕಿದ್ದಂತೆ ಜನರಿಗೆ ಹುಚ್ಚು ಹಿಡಿಸಿತು. ಫಿಲಿಪೀನ್ಸ್‌ನವರು ಊಬೆ ಎಂದು ಕರೆಯುವ ನೇರಳೆ ಗೆಣಸಿನ ಕ್ರೀಮು, ಒಳಗೆ ಪಿಸ್ತಾ, ನಡುವೆ ಹುರಿದ ಶಾವಿಗೆಯ ಹಾಗೆ ಗರಿಗರಿ ಎನ್ನುವ ಕುನಾಫಾ ಎಳೆಗಳು. ಬೆಲೆ ಐವತ್ತೆರಡು ಡಾಲರ್! ಶನಿವಾರ ನಮ್ಮ ಕಂಪನಿಯ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಸಾಲು ನಿಂತಿರುತ್ತಿತ್ತು. ಸಾಲಿನಲ್ಲಿ ಹೆಚ್ಚಿನವರು ಫಿಲಿಪಿನೊಗಳು, ಅದರಲ್ಲೂ ಡ್ಯೂಟಿ ಬಟ್ಟೆಯಲ್ಲೇ ಬಂದ ನರ್ಸ್‌ಗಳು. ಡೆಟ್ರಾಯಿಟ್‌ನಿಂದ ಡ್ರೈವ್ ಮಾಡಿಕೊಂಡು ಬಂದು ನಾಲ್ಕು ಕೇಕು ಒಯ್ದವರನ್ನೂ ಕಂಡಿದ್ದೇನೆ.

ನನ್ನ ಬಾಸ್ ನಿಖಿಲ್ ಮೂವತ್ತೊಂದರ ಯುವಕ. ಹುಟ್ಟಿದ್ದು ಇಲ್ಲೇ, ಅಪ್ಪ ಅಮ್ಮ ಮೈಸೂರಿನವರು. ಮೀಟಿಂಗಿನಲ್ಲಿ ನನ್ನನ್ನು ಹೆಸರಿಟ್ಟು ಕರೆಯುತ್ತಿದ್ದ, ಇಬ್ಬರೇ ಇದ್ದಾಗ ಕನ್ನಡಕ್ಕೆ ಇಳಿಯುತ್ತಿದ್ದ.

“ಆಂಟಿ, ಇಷ್ಟು ಕಾಸ್ಟ್ಲಿ ಕೇಕ್‌ನ ಯಾಕೆ ತಗೋತಿದಾರೆ? ಅದೊಂದು ಗೊತ್ತಾದ್ರೆ ಸೇಲ್ಸ್ ಡಬಲ್ ಮಾಡಬಹುದು.”

ನಾನು ಐದು ಫೋಕಸ್ ಗ್ರೂಪ್ ನಡೆಸಿದೆ. ಅಂದರೆ ಆ ಸಾಲಿನವರಲ್ಲೇ ಎಂಟು ಗ್ರಾಹಕರನ್ನು ಒಂದು ಮೇಜಿನ ಸುತ್ತ ಕೂರಿಸಿ, ತಿನ್ನಿಸಿ, ಮಾತಾಡಿಸಿ, ಕೊನೆಗೆ ಕೈಗೊಂದು ಗಿಫ್ಟ್ ಕಾರ್ಡ್ ಕೊಟ್ಟು ಕಳಿಸುವುದು. ಐದೂ ಗ್ರೂಪಿನಲ್ಲಿ ಎರಡು ಸಂಗತಿ ತಪ್ಪದೆ ಕಂಡವು. ಎಲ್ಲರೂ “ರುಚಿ ಚೆನ್ನಾಗಿದೆ, ರೇಟು ಜಾಸ್ತಿ” ಎಂದರು. ಮತ್ತೆ, ಎಲ್ಲರಿಗೂ ಸೇರಿಸಿ ಮೇಜಿನ ನಡುವೆ ಇಟ್ಟ ಪ್ರತಿ ತಟ್ಟೆಯಲ್ಲೂ ಕೊನೆಯ ಒಂದು ತುಂಡು ಹಾಗೇ ಉಳಿಯಿತು. ಯಾರೂ ಅದನ್ನು ಮುಟ್ಟಲಿಲ್ಲ.

ನಾನು ವರದಿಯಲ್ಲಿ ಠಸ್ಸೆ ಒತ್ತಿದಂತೆ ಬರೆದೆ: ಬೆಲೆ ಹೆಚ್ಚು, ಗಾತ್ರವೂ ಹೆಚ್ಚು. ಒಬ್ಬರಿಗೆ ಸಾಕಾಗುವ ಕಪ್ ಮಾಡಿ, ಒಂಬತ್ತು ಡಾಲರಿಗೆ ಮಾರಿ. ನಿಖಿಲ್ ಖುಷಿಯಾಗಿ ಸಹಿ ಹಾಕಿದ. ಸೆಪ್ಟೆಂಬರಿನಲ್ಲಿ ದೊಡ್ಡ ಕೇಕು ನಿಂತು ಕಪ್ ಬಂತು.

ಬಂದ ಕಪ್‌ಗಳು ಕೂತಲ್ಲೇ ಕೂತವು. ಒಂದೆರಡು ವಾರ ಕುತೂಹಲಕ್ಕೆ ಕೊಂಡವರು ಮತ್ತೆ ತಿರುಗಿ ನೋಡಲಿಲ್ಲ. ಅಕ್ಟೋಬರ್ ಮುಗಿಯುವಷ್ಟರಲ್ಲಿ ಶನಿವಾರದ ಸಾಲು ಹೇಳಹೆಸರಿಲ್ಲದಂತೆ ಮಾಯವಾಗಿತ್ತು. ಒಂದು ಸೋಮವಾರ ನಿಖಿಲ್ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ.

“ಆಂಟಿ, ಬೋಲಿಂಗ್‌ಬ್ರೂಕ್ ಪ್ಲಾಂಟಲ್ಲಿ ಆ ಕೇಕ್ ಮಾಡೋ ಲೈನ್ ಕ್ಲೋಸ್ ಮಾಡ್ತಿದೀವಿ. ಕ್ರಿಸ್‌ಮಸ್‌ವರೆಗೆ ಅಷ್ಟೇ. ಹನ್ನೊಂದು ಜನ ಹೋಗ್ತಾರೆ.”

ನನ್ನ ಒಂದು ವರದಿಗೆ ಹನ್ನೊಂದು ಜನರ ಅನ್ನ ಹೋಗುವುದಿತ್ತು. ಆ ಲೈನಿನ ಸೂಪರ್‌ವೈಸರ್ ಲಿಗಾಯಾ ಫಿಲಿಪೀನ್ಸ್‌ನವರು, ನನ್ನ ವಾರಿಗೆಯವರು, ಅಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದವರು. ಎಚ್‌ಆರ್‌ನ ಪತ್ರ ಹೋಗುವ ಮುಂಚೆ ನಾನೇ ಹೇಳಬೇಕು ಎಂದು ಮೂವತ್ತು ಮೈಲಿ ಡ್ರೈವ್ ಮಾಡಿದೆ. ನಾಲ್ಕು ಮಾತು ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ.

ಅವರು ಮೊದಲು ಕೇಳಿದ್ದು, “ಊಟ ಆಯ್ತಾ ಮೇಡಂ?” ಎಂದು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಎಲ್ಲ ಹೇಳಿದೆ. ಅವರು ಕುರ್ಚಿ ಎಳೆದು ಕೂತರು. ತಲೆಗವುಸು ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಜನರನ್ನ ಹೇಗೆ ಕೇಳಿದ್ರಿ?” ಎಂದರು ಆಮೇಲೆ. ನಾನು ವಿವರಿಸಿದೆ. ಉಳಿದ ತುಂಡಿನ ಮಾತು ಬರುತ್ತಲೇ ಆ ಸಂಕಟದಲ್ಲೂ ಅವರಿಗೆ ನಗು ಬಂತು.

“ಅಯ್ಯೋ ಮೇಡಂ! ಕೊನೇ ತುಂಡನ್ನ ನಾವು ಯಾರೂ ಮುಟ್ಟಲ್ಲ. ನಾಚಿಕೆ ನಮಗೆ. ಇನ್ನೊಬ್ಬರಿಗಿರಲಿ ಅಂತ ಬಿಡ್ತೀವಿ. ಹೊಟ್ಟೆ ತುಂಬಿ ಬಿಟ್ಟಿದ್ದು ಅಂತ ಬರೆದ್ರಾ?”

ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ದಾವಣಗೆರೆಯ ನಮ್ಮ ಮನೆಯಲ್ಲಿ ನೆಂಟರು “ಸಾಕು ಸಾಕು” ಎಂದಷ್ಟೂ ನಮ್ಮಮ್ಮ ಇನ್ನೊಂದು ಸೌಟು ಬಡಿಸುತ್ತಿದ್ದರು. ಬೇಡ ಎನ್ನುವುದು ಮರ್ಯಾದೆ, ಹಾಕುವುದೂ ಮರ್ಯಾದೆ. ಅಂಥ ಮನೆಯಲ್ಲಿ ಬೆಳೆದ ನಾನು, ಕೈಗೆ ಕ್ಲಿಪ್‌ಬೋರ್ಡ್ ಬಂದ ಕೂಡಲೇ ಅದನ್ನೆಲ್ಲ ಮರೆತಿದ್ದೆ.

“ಭಾನುವಾರ ಮೊಮ್ಮಗಳ ಹುಟ್ಟಿದಹಬ್ಬ, ಮನೆಗೆ ಬನ್ನಿ,” ಎಂದರು ಲಿಗಾಯಾ. “ಏನೂ ಕೇಳಬೇಡಿ. ಸುಮ್ನೆ ನೋಡಿ.”

ಹೋದೆ. ಮನೆ ತುಂಬ ಮೂವತ್ತು ಜನ. ನಾನು ಮುಸ್ಲಿಂ ಎಂದು ನೆನಪಿಟ್ಟು, ಹಂದಿಮಾಂಸವಿದ್ದ ಮೇಜಿನಿಂದ ದೂರ, ಬೇರೆ ಪಾತ್ರೆಯಲ್ಲಿ ನನಗೆ ಮೀನು ಅನ್ನ ಮಾಡಿಟ್ಟಿದ್ದರು. ಯಾರ ತಪ್ಪಿನಿಂದ ಅವರ ಕೆಲಸ ಹೋಗುವುದಿತ್ತೋ ಅವಳಿಗೆ!

ಸಂಜೆಯ ಹೊತ್ತಿಗೆ ಅವರ ನಾದಿನಿ ಟೆಸ್ ಎಂಬ ನರ್ಸ್ ಆಸ್ಪತ್ರೆಯಿಂದ ನೇರವಾಗಿ ಬಂದಳು. ಕೈಯಲ್ಲಿ ಬೇರೆ ಅಂಗಡಿಯ ದೊಡ್ಡ ಕೇಕು, ನಮ್ಮದಕ್ಕಿಂತ ದುಬಾರಿ. ಮಕ್ಕಳು ಹೋ ಎಂದವು. ಹತ್ತಾರು ಫೋನು ಮೇಲೆದ್ದವು. ಫಿಲಿಪೀನ್ಸ್‌ನ ಸೆಬುವಿನಲ್ಲಿದ್ದ ತಮ್ಮ ತಂಗಿಗೆ ಯಾರೋ ವಿಡಿಯೊ ಕಾಲ್ ಮಾಡಿ ಕೇಕು ತೋರಿಸಿದರು, ಅವಳು ಅಲ್ಲಿಂದಲೇ ಚಪ್ಪಾಳೆ ತಟ್ಟಿದಳು. ಆಮೇಲೆ ಆ ಕೇಕು ಮೂವತ್ತು ಪಾಲಾಯಿತು. ಒಬ್ಬೊಬ್ಬರಿಗೆ ಒಂದು ಚಮಚ ಬಂದರೆ ಹೆಚ್ಚು.

ಇಪ್ಪತ್ತಾರು ವರ್ಷದ ಚಾಳಿ, ಬಾಯಿ ತಡೆಯಲಿಲ್ಲ. “ಇಷ್ಟು ದುಡ್ಡು ಕೊಟ್ಟು ಯಾಕೆ ತಂದೆ ಟೆಸ್?”

“ನನಗೋಸ್ಕರ ಆಗಿದ್ರೆ ಐದು ಡಾಲರೂ ಕೊಡ್ತಿರ್ಲಿಲ್ಲ,” ಎಂದಳು. “ದೊಡ್ಡ ಕಾರು, ದೊಡ್ಡ ಮನೆ ನನ್ನ ಕೈಲಾಗಲ್ಲ. ಆದ್ರೆ ಎಲ್ಲರೂ ಫೋನಲ್ಲಿ ನೋಡಿ ಆಸೆಪಟ್ಟಿರೋ ಕೇಕ್ ತಂದಿಟ್ರೆ, ಇವತ್ತು ಇಲ್ಲಿ ಎಲ್ಲರ ಬಾಯಿ ಸಿಹಿ ಮಾಡಿದವಳು ನಾನು. ನಿಮ್ಮ ಆ ಕಪ್ ತಂದು ಯಾರಿಗೆ ಕೊಡಲಿ, ಯಾರಿಗೆ ಬಿಡಲಿ?”

“ಮತ್ತೆ ನಾನು ಆಫೀಸಿಗೆ ಕರೆಸಿ ಕೇಳಿದಾಗ ಎಲ್ಲರೂ ರೇಟು ಜಾಸ್ತಿ ಅಂದ್ರಲ್ಲ?”

“ಜಾಸ್ತೀನೇ! ಗುರುತಿಲ್ಲದವರ ಮುಂದೆ ಕೂತು, ಜಾಸ್ತಿ ಏನಲ್ಲ ಅನ್ನೋಕೆ ನಾನೇನು ರಾಣೀನಾ?”

ಹೊರಡುವಾಗ ಬಾಗಿಲಲ್ಲಿ ಲಿಗಾಯಾ ಮೆಲ್ಲಗೆ ಹೇಳಿದರು: “ನೀವು ‘ತಿನ್ನೋಕೆ ಹೇಗಿದೆ’ ಅಂತ ಕೇಳಿದ್ರಿ ಮೇಡಂ. ‘ಯಾರಿಗೆ ಒಯ್ತೀರಿ’ ಅಂತ ಕೇಳಬೇಕಿತ್ತು.”

ಮರುದಿನ ಹೊಸ ವರದಿ ಬರೆದೆ. ಹಿಂದಿನದು ಪೂರ್ತಿ ತಪ್ಪು, ತಪ್ಪು ನನ್ನದು ಎಂದು ಮೊದಲ ಸಾಲಿನಲ್ಲೇ ಹಾಕಿದೆ. ದೊಡ್ಡ ಕೇಕು ವಾಪಸ್ ಬರಲಿ, ಬೆಲೆ ಒಂದು ಡಾಲರೂ ಇಳಿಯಬಾರದು. ಇನ್ನು ಮೂರು ಸಲಹೆ ಲಿಗಾಯಾ ಅವರವು: ಒಳಗಿನ ನೇರಳೆ ಬಣ್ಣ ಕಾಣುವಂಥ ಮುಚ್ಚಳ, ಎತ್ತಿಕೊಂಡು ಹೋಗಲು ಗಟ್ಟಿ ಹಿಡಿಕೆ, ಜೊತೆಗೆ ಮೂವತ್ತು ಪುಟ್ಟ ಚಮಚ.

ನಿಖಿಲ್ ಓದಿ ತಲೆಯೆತ್ತಿದ. “ಆಂಟಿ, ಆರ್ ಯೂ ಶೂರ್? ಹೋದ್ಸಲಾನೂ ಶೂರ್ ಅಂದಿದ್ರಿ.”

“ಹೋದ ಸಲ ಅವರನ್ನ ನಮ್ಮ ಆಫೀಸಿಗೆ ಕರೆಸಿದ್ದೆ. ಈ ಸಲ ಅವರ ಮನೇಲಿ ಊಟ ಮಾಡಿ ಬಂದಿದೀನಿ ಕಣೋ.”

ಅವನು ನಕ್ಕ. ಬೇಡ ಎನ್ನಬಹುದಿತ್ತು, ಎನ್ನಲಿಲ್ಲ. ಅದಕ್ಕೆ ಅವನಿಗೆ ನಾನು ಋಣಿ. “ಒಂದು ಶನಿವಾರ ಕೊಡ್ತೀನಿ. ವರ್ಕ್ ಆಗ್ಲಿಲ್ಲ ಅಂದ್ರೆ ಲೈನ್ ಕ್ಲೋಸ್.”

ಡಿಸೆಂಬರಿನ ಆ ಶನಿವಾರ ಹತ್ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ದೊಡ್ಡ ಕೇಕು ವಾಪಸ್ ಬರುತ್ತಿದೆ ಎಂದು ವಾರ ಮೊದಲೇ ಗ್ರಾಹಕರ ಫೋನಿಗೆ ಸುದ್ದಿ ಕಳಿಸಿದ್ದೆವು. ಲಿಗಾಯಾ ಮತ್ತು ನಾನು ಅಂಗಡಿಯ ಒಳಗೆ ಗಾಜಿನ ಹಿಂದೆ ನಿಂತಿದ್ದೆವು. ಎಂಟು ಗಂಟೆಗೆ ಒಬ್ಬರೂ ಇಲ್ಲ. ಎಂಟೂವರೆಗೆ ಮೂರು ಜನ. ಲಿಗಾಯಾ ನನ್ನ ಕೈ ಹಿಡಿದುಕೊಂಡರು, ಇಬ್ಬರ ಕೈಯೂ ತಣ್ಣಗಿತ್ತು. ಒಂಬತ್ತಕ್ಕೆ ಸಾಲು ರಸ್ತೆಯ ತಿರುವು ದಾಟಿತ್ತು. ಮಧ್ಯಾಹ್ನದೊಳಗೆ ಒಂದು ಕೇಕೂ ಉಳಿಯಲಿಲ್ಲ. ನಾನು ಜನರೆದುರೇ ಗೊಳೋ ಎಂದು ಅತ್ತುಬಿಟ್ಟೆ, ಅವರು ನನ್ನ ಬೆನ್ನು ಸವರಿದರು. ಆ ಲೈನು ಇಂದಿಗೂ ನಡೆಯುತ್ತಿದೆ. ಹನ್ನೊಂದು ಮಂದಿಯೂ ಅಲ್ಲೇ ಇದ್ದಾರೆ.

ನಾನು ಈಗ ನಿವೃತ್ತಳು. ಹೊಸದಾಗಿ ಈ ಕೆಲಸಕ್ಕೆ ಸೇರಿದವರು ಕೇಳಿದರೆ ಒಂದೇ ಮಾತು ಹೇಳುತ್ತೇನೆ: ಪ್ರಶ್ನೆ ಬರೆಯುವ ಮೊದಲು, ಆ ವಸ್ತುವನ್ನು ಕೈಯಾರೆ ಮಾಡುವವರ ಪಕ್ಕದಲ್ಲಿ ಹೋಗಿ ಕೂತುಕೊಳ್ಳಿ. ನಲವತ್ತು ಅಪರಿಚಿತರಿಗೆ ಗಿಫ್ಟ್ ಕಾರ್ಡ್ ಕೊಟ್ಟು ಕೇಳಿದ ನಾನು, ಕೇಕು ಮಾಡುವವರನ್ನೇ ಕೇಳಿರಲಿಲ್ಲ. ಎರಡನೆಯ ವರದಿಯಲ್ಲಿ ನನ್ನ ಹೆಸರಿನ ಮೇಲೆ ಲಿಗಾಯಾ ಅವರ ಹೆಸರು ಹಾಕಿಸಿ, ಪ್ರತಿಯನ್ನು ಪ್ಲಾಂಟಿಗೆ ಒಯ್ದು ಕೊಟ್ಟೆ. ಅವರು ತಮ್ಮ ಹೆಸರನ್ನು ಎರಡು ಸಲ ಓದಿಕೊಂಡರು.

“ಹತ್ತೊಂಬತ್ತು ವರ್ಷ ಆಯ್ತು ಮೇಡಂ,” ಎಂದರು, “ಇಲ್ಲಿ ನನ್ನನ್ನ ಯಾರಾದ್ರೂ ಏನಾದ್ರೂ ಕೇಳಿದ್ದು ಇದೇ ಮೊದಲು.”