ಅತ್ತೆಯ ಮೆತ್ತನೆ ಶೂ

ಹಾನುಬಾಳಿನ ಹತ್ತಿರದ ಊರಿಗೆ ಮದುವೆಯಾಗಿ ಬಂದ ವರ್ಷವೇ ನನಗೆ ಸರ್ಕಾರಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮನೆಯಿಂದ ಬಸ್ಸಿನಲ್ಲಿ ಹೋಗಿ ಒಂದು ಕ್ರಾಸಿನಲ್ಲಿ ಇಳಿದರೆ ಅಲ್ಲಿಂದ ಶಾಲೆಗೆ ಮೂರು ಕಿಲೋಮೀಟರ್ ನಡಿಗೆ. ದಾರಿ ಪೂರ್ತಿ ಎಸ್ಟೇಟಿನ ನಡುವೆ. ಜಲ್ಲಿ ಎದ್ದ ಏರು, ಆಮೇಲೆ ಇಳಿಜಾರು, ಮತ್ತೆ ಏರು. ಮಳೆಗಾಲದಲ್ಲಿ ಎಲ್ಲರಂತೆ ನಾನೂ ಗಮ್‌ಬೂಟು ಹಾಕುತ್ತಿದ್ದೆ. ಉಳಿದ ತಿಂಗಳುಗಳಲ್ಲಿ ಚಪ್ಪಲಿ. ಅದೆಷ್ಟು ಜೊತೆ ಚಪ್ಪಲಿ ಆ ಜಲ್ಲಿಗೆ ಬಲಿಯಾದವೋ! ಬಾರು ಕಿತ್ತುಹೋದಾಗ ಸೆರಗಿನ ಪಿನ್ನು ತೆಗೆದು ಚುಚ್ಚಿಕೊಂಡು ಕಾಲೆಳೆಯುತ್ತ ಶಾಲೆ ಸೇರಿದ ದಿನಗಳು ಎಷ್ಟೋ.

ಮೂರನೆಯ ವರ್ಷ, ಕಾಫಿ ಕುಯ್ಲಿನ ಕಾಲದಲ್ಲಿ, ಇಳಿಜಾರಿನಲ್ಲಿ ಚಪ್ಪಲಿ ಜಾರಿ ಬಿದ್ದೆ. ಮಕ್ಕಳ ಉತ್ತರಪತ್ರಿಕೆಗಳೆಲ್ಲ ಕಾಫಿ ಗಿಡಗಳ ಬುಡದಲ್ಲಿ ಚೆಲ್ಲಾಡಿದವು. ಹಣ್ಣು ಕುಯ್ಯುತ್ತಿದ್ದ ಹೆಂಗಸರು ಓಡಿಬಂದು ಎಬ್ಬಿಸಿ ಕೂರಿಸಿದರು. ಬಲಗಾಲಿನ ಹರಡು ಊದಿಕೊಂಡು ಹದಿನೈದು ದಿನ ರಜೆ ಹಾಕಬೇಕಾಯಿತು. ಸಕಲೇಶಪುರದ ಡಾಕ್ಟರು ಪಟ್ಟಿ ಬಿಚ್ಚುವ ದಿನ, "ಇನ್ನು ಚಪ್ಪಲಿ ಸಾಕು. ಹಿಮ್ಮಡಿ ಹಿಡಿಯೋ ಅಂಥ ಶೂ ತಗೊಳ್ಳಿ" ಎಂದರು.

ಅಲ್ಲಿಂದ ನೇರ ಪೇಟೆಯ ಅಡ್ಡರಸ್ತೆಯಲ್ಲಿದ್ದ ಒಂದು ಪುಟ್ಟ ಶೂ ಅಂಗಡಿಗೆ ಹೋದೆ. ಅಂಗಡಿಯ ಸಾಬರಿಗೆ ಆಗ ಐವತ್ತು ದಾಟಿರಬೇಕು. ನರೆತ ಗಡ್ಡ, ಕನ್ನಡಕಕ್ಕೆ ಕಟ್ಟಿದ ಕರಿ ದಾರ. ತಂದೆಯ ಕಾಲದಲ್ಲಿ ಅಲ್ಲಿ ಶೂ ಹೊಲಿಯುತ್ತಿದ್ದರು; ಇವರು ಹೊಲಿಯುವುದೂ ಉಂಟು, ತರಿಸಿ ಮಾರುವುದೂ ಉಂಟು. ನಾನು ಕ್ಯಾನ್ವಾಸ್ ಶೂ ಕೇಳಿದೆ. ಅವರು ಕಪಾಟಿನ ಕಡೆ ನೋಡದೆ ನನ್ನ ಕಾಲನ್ನು ನೋಡಿದರು. ಹೇಗಾಯಿತು, ಎಲ್ಲಿ ಕೆಲಸ, ಎಷ್ಟು ದೂರ ನಡಿಗೆ ಎಂದೆಲ್ಲ ಕೇಳಿದರು.

"ಕ್ಯಾನ್ವಾಸ್ ಬ್ಯಾಡ ಟೀಚರಮ್ಮ. ಅದರ ಅಂಚು ಗಟ್ಟಿ, ಊತದ ಮೇಲೆ ಉಜ್ತದೆ. ಇದನ್ನ ಒಂದ್ಸಲ ಹಾಕ್ಕೊಂಡ್ ನೋಡಿ" ಎಂದು ಮೇಲಿನ ಹಲಗೆಯಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿದರು.

ಒಳಗಿದ್ದವು ಕಂದು ಬಣ್ಣದ ಶೂಗಳು. ಲೇಸಿಲ್ಲ, ಹೊಳಪಿಲ್ಲ. ಮುಂಭಾಗದಲ್ಲಿ ದಪ್ಪ ದಾರದ ಹೊಲಿಗೆ ಬಾಗಿ ಸುತ್ತಿಕೊಂಡಿತ್ತು. ಬೆರಳಾಡಿಸಿದರೆ ಒಂದು ಕಡೆಗೆ ಬಣ್ಣ ತಿಳಿಯಾಗುತ್ತಿತ್ತು, ಇನ್ನೊಂದು ಕಡೆಗೆ ಗಾಢವಾಗುತ್ತಿತ್ತು.

"ಇದು ಸ್ವೇಡು. ಚರ್ಮದ ಒಳಮೈ. ಈ ಥರದ ಶೂಗೆ ಮಾಕಸಿನ್ ಅಂತಾರೆ. ಒಬ್ರು ಎಸ್ಟೇಟ್ ಯಜಮಾನ್ರು ಮಗನಿಗೆ ಅಂತ ಹೊಲಿಸಿದ್ರು. ತಗೊಂಡು ಹೋಗಕ್ಕೆ ಬರೋದ್ರೊಳಗೆ ಹುಡುಗನ ಕಾಲು ಬೆಳ್ದುಬಿಡ್ತು."

"ಗಂಡು ಮಕ್ಕಳ ಶೂ ಅಲ್ವಾ ಇದು?"

"ಕಾಲಿಗೆ ಸರಿಹೋಗ್ತದಾ ಇಲ್ವಾ, ಅದನ್ನ ನೋಡಿ ನೀವು."

ನನಗೆ ಕಾಲುಂಗುರದ ಚಿಂತೆ. ಒಳಗೆ ಒತ್ತುತ್ತದೇನೋ ಎಂದು ಹೆದರುತ್ತ ಕಾಲಿಟ್ಟೆ. ಒತ್ತಲಿಲ್ಲ. ಅಂಗಡಿಯೊಳಗೇ ನಾಲ್ಕು ಹೆಜ್ಜೆ ನಡೆದೆ. ಹದಿನೈದು ದಿನದಿಂದ ನೆಲಕ್ಕೆ ಊರಲು ಅಂಜುತ್ತಿದ್ದ ಕಾಲು ತಾನಾಗಿ ಊರಿತು. ಬಿಚ್ಚುವ ಮನಸ್ಸಾಗಲಿಲ್ಲ. ಹಳೆಯ ಚಪ್ಪಲಿಯನ್ನೇ ಪೆಟ್ಟಿಗೆಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಮನೆಯಲ್ಲಿ ನನ್ನ ಗಂಡ ಮತ್ತು ಅತ್ತೆ. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಇದ್ದ ಸ್ವಲ್ಪ ಕಾಫಿ ತೋಟ, ಅದರ ಕೆಳಗಿನ ಗದ್ದೆಯನ್ನು ಅತ್ತೆಯೇ ನಿಂತು ನೋಡಿಕೊಂಡು ಮಗನನ್ನು ಬೆಳೆಸಿದ್ದರು. ಅವರು ಸದಾ ಬರಿಗಾಲು. ಮದುವೆ ಮುಂಜಿಗೆಂದು ಒಂದು ಜೊತೆ ರಬ್ಬರ್ ಚಪ್ಪಲಿ ಇತ್ತು, ಅದನ್ನೂ ಬಸ್ಸಿನವರೆಗೆ ಕೈಯಲ್ಲೇ ಹಿಡಿದುಕೊಂಡು ಹೋಗುವವರು. ಜಗಲಿಯ ಮೆಟ್ಟಿಲಲ್ಲಿ ನನ್ನ ಶೂ ಕಂಡದ್ದೇ ನಿಂತುಬಿಟ್ಟರು.

"ಇದೇನವ್ವ ಇದು, ಬೆಕ್ಕಿನ ಮರಿ ತಂದಂಗೈತಲ್ಲ!"

"ಶೂ ಅತ್ತೆ. ಡಾಕ್ಟ್ರು ಹೇಳಿದ್ರು."

"ಸೀರೆ ಉಟ್ಕೊಂಡು ಶೂ ಹಾಕ್ಕೊಂಡ್ ಹೋಗ್ತೀಯ? ಕಂಡೋರು ಏನಂದಾರು?"

ನನ್ನ ಗಂಡ ಅಂಗಳದಿಂದಲೇ ನಕ್ಕರು. "ಅಂದ್ಕೊಳ್ಲಿ ಬಿಡವ್ವ. ನಡೆಯೋದು ಅವಳ ಕಾಲು ತಾನೆ."

ಕಂಡವರು ಅಂದದ್ದೂ ನಿಜ. ಬಸ್ಸಿನಲ್ಲಿ ಹೆಂಗಸರು ನನ್ನ ಸೀರೆಯ ಅಂಚಿನ ಕೆಳಗೆ ನೋಡಿ ಒಬ್ಬರನ್ನೊಬ್ಬರು ತಿವಿದುಕೊಳ್ಳುತ್ತಿದ್ದರು. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು, "ಟೀಚರ್, ಅದು ಜಿಂಕೆ ಚರ್ಮಾನಾ?" ಎಂದು ಕೇಳಿ, ಮುಟ್ಟಿ ನೋಡಲು ಅಪ್ಪಣೆ ಪಡೆದಳು. ಅವಳ ಹಿಂದೆ ಇಡೀ ತರಗತಿ ಸಾಲು ನಿಂತಿತು. ವಾರ ಕಳೆಯುವಷ್ಟರಲ್ಲಿ ಶೂ ನನ್ನ ಕಾಲಿನ ಆಕಾರಕ್ಕೆ ಬಂತು. ಕಾಲುಂಗುರ ತಾಗುವ ಕಡೆ ಚರ್ಮ ತಾನೇ ಸಣ್ಣಗೆ ಉಬ್ಬಿ ಜಾಗ ಕೊಟ್ಟಿತು. ಅದೇ ಮೂರು ಕಿಲೋಮೀಟರ್ ದಾರಿಯಲ್ಲಿ ನಾನು ಮೊದಲ ಬಾರಿಗೆ ನೆಲ ಬಿಟ್ಟು ತಲೆ ಎತ್ತಿ ನಡೆದೆ. ಸಿಲ್ವರ್ ಓಕ್ ಮರಗಳ ಮೇಲಿನ ಮೆಣಸಿನ ಬಳ್ಳಿ, ಕೊಂಬೆಯಲ್ಲಿ ಕೂತ ಮಂಗಟ್ಟೆ ಹಕ್ಕಿ, ಎಲ್ಲವನ್ನೂ ಆಗ ಕಂಡೆ.

ಶೂ ನೋಡಿಕೊಳ್ಳುವುದನ್ನು ಸಾಬರೇ ಹೇಳಿಕೊಟ್ಟಿದ್ದರು. ಪಾಲಿಶ್ ಹಚ್ಚಬಾರದು, ನೀರು ಬೀಳಬಾರದು. ಧೂಳಾದರೆ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಒಂದೇ ಕಡೆಗೆ ಉಜ್ಜಬೇಕು. ಕಲೆಯಾದರೆ ಪೆನ್ಸಿಲ್ ಅಳಿಸುವ ರಬ್ಬರು. ಶಾಲೆಯಲ್ಲಿ ಅದಕ್ಕೇನು ಬರ? ಜೂನ್ ಬಂದ ಕೂಡಲೆ ಒಳಗೆ ಪೇಪರ್ ತುರುಕಿ, ಬೂಷ್ಟು ಹಿಡಿಯದಂತೆ ಅಡುಗೆಮನೆಯ ಅಟ್ಟದ ಮೇಲೆ ಬೆಚ್ಚಗೆ ಇಡುತ್ತಿದ್ದೆ. ನವೆಂಬರಿನಲ್ಲಿ ಇಳಿಸುತ್ತಿದ್ದೆ. ಹೀಗೆ ಎರಡು ವರ್ಷ ಕಳೆಯಿತು. ಅಟ್ಟೆಯ ರಬ್ಬರು ಸ್ವಲ್ಪ ಸವೆದದ್ದು ಬಿಟ್ಟರೆ ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ.

ಒಂದು ಭಾನುವಾರ ತರಕಾರಿ ತರಲು ಹಾನುಬಾಳಿಗೆ ಹೋದವಳು, ಜೀಪು ಸಿಕ್ಕಿತೆಂದು ಬೇಗ ಹಿಂದಿರುಗಿದೆ. ಗೇಟಿನ ಹತ್ತಿರ ಬಂದಾಗ ಅಂಗಳದಲ್ಲಿ ಅತ್ತೆ ಕಾಣಿಸಿದರು. ಎರಡು ಕೈಯಲ್ಲೂ ಸೀರೆಯನ್ನು ಹರಡಿನ ಮೇಲಕ್ಕೆ ಎತ್ತಿ ಹಿಡಿದು, ಕಾಫಿ ಒಣಗಲು ಹಾಕಿದ್ದ ಕಣದ ಅಂಚಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು. ಕಣ್ಣು ಪೂರ್ತಿ ಪಾದದ ಮೇಲೆ. ಕಾಲಿನಲ್ಲಿ ನನ್ನ ಶೂ. ಅವರ ಅಗಲ ಪಾದ ಒಳಗೆ ಪೂರ್ತಿ ಇಳಿದಿರಲಿಲ್ಲ. ಹಿಮ್ಮಡಿ ಹೊರಗೇ ಇತ್ತು. ಆದರೂ ತುದಿ ಮುಟ್ಟಿದಾಗಲೆಲ್ಲ ನಿಂತು, ಸಣ್ಣದಾಗಿ ನಕ್ಕು, ತಿರುಗಿ ಮತ್ತೆ ಹೊರಡುತ್ತಿದ್ದರು.

ಅವರು ಹಾಗೆ ತಮ್ಮಷ್ಟಕ್ಕೆ ನಗುವುದನ್ನು ನಾನು ಯಾವತ್ತೂ ನೋಡಿರಲಿಲ್ಲ. ನಾನು ನೋಡಿದ್ದು ಗೊತ್ತಾದರೆ ಅವರಿಗೆ ನಾಚಿಕೆಯಾಗುತ್ತದೆ ಎನಿಸಿ, ಸದ್ದಾಗದಂತೆ ಹಿಂದೆ ಸರಿದು ಹಲಸಿನ ಮರದ ಮರೆಯಲ್ಲಿ ನಿಂತೆ. ಸ್ವಲ್ಪ ಹೊತ್ತು ಬಿಟ್ಟು ಗೇಟಿನ ಚಿಲಕವನ್ನು ಜೋರಾಗಿ ಅಲ್ಲಾಡಿಸಿ, ಕೆಮ್ಮಿ, ಒಳಗೆ ಬಂದೆ. ಅತ್ತೆ ಕಣದಲ್ಲಿ ಕೂತು ಕಾಫಿಯಿಂದ ಕಡ್ಡಿ ಆರಿಸುತ್ತಿದ್ದರು. ಶೂಗಳು ಮೆಟ್ಟಿಲ ಮೇಲೆ ಅದೇ ಜಾಗದಲ್ಲಿದ್ದವು, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

ಮುಂದಿನ ಶನಿವಾರ ಮಧ್ಯಾಹ್ನ ಕಣ್ಣು ತೋರಿಸುವ ನೆಪ ಮಾಡಿ ಅತ್ತೆಯನ್ನು ಸಕಲೇಶಪುರಕ್ಕೆ ಕರೆದೊಯ್ದೆ. ಕಣ್ಣು ತೋರಿಸಿದ್ದಾಯಿತು. ಆಮೇಲೆ ಅಡ್ಡರಸ್ತೆಗೆ ತಿರುಗಿದಾಗ ಅವರಿಗೆ ಗೊತ್ತಾಗಿಹೋಯಿತು. ಅಂಗಡಿಯ ಬಾಗಿಲಲ್ಲಿ ಗಟ್ಟಿಯಾಗಿ ನಿಂತುಬಿಟ್ಟರು.

"ನಂಗ್ಯಾಕವ್ವ ಈ ವಯಸ್ಸಲ್ಲಿ? ತೋಟದಾಗೆ ಶೂ ಹಾಕ್ಕೊಂಡು ಯಾರ್‌ಗೆ ತೋರಿಸ್ಲಿ?"

"ಬಂದು ಕೂತ್ಕೊಳ್ಳಿ ಅವ್ವ, ತಗೊಳ್ಳೇಬೇಕು ಅಂತ ಏನಿಲ್ಲ" ಎಂದು ಸಾಬರು ಸ್ಟೂಲು ಮುಂದಿಟ್ಟರು.

ಕೂತರು. ಅಂಗಡಿಯಲ್ಲಿದ್ದ ಯಾವ ಶೂ ಕೂಡ ಅವರ ಕಾಲಿಗೆ ಆಗಲಿಲ್ಲ. ಐವತ್ತು ವರ್ಷ ಗದ್ದೆ ತುಳಿದ ಕಾಲು. ಬೆರಳುಗಳು ಬೀಸಣಿಗೆಯಂತೆ ಹರಡಿಕೊಂಡಿದ್ದವು. ಹಿಮ್ಮಡಿಯಲ್ಲಿ ಆಳವಾದ ಬಿರುಕು. ಎಡಗಾಲಿನ ಕಿರುಬೆರಳು ಯಾವಾಗಲೋ ಕತ್ತಿ ತಾಗಿ ಅರ್ಧ ಹೋಗಿತ್ತು. ಸಾಬರು ಒಂದು ಹಳೆಯ ಪೇಪರ್ ಹಾಸಿ, ನೆಲದ ಮೇಲೆ ಕೂತು, ಅಳತೆಗೆಂದು ಅವರ ಪಾದ ಹಿಡಿಯಲು ಕೈ ಚಾಚಿದರು. ಅತ್ತೆ ಥಟ್ಟನೆ ಕಾಲು ಹಿಂದಕ್ಕೆ ಎಳೆದುಕೊಂಡರು.

"ಬ್ಯಾಡ ಬ್ಯಾಡ ಸಾಬ್ರೆ! ನನ್ ಕಾಲು ನೀವು ಹಿಡಿಯೋದಾ? ಮಣ್ಣು ಗಲೀಜು ಎಲ್ಲ ತುಳ್ದಿರೋ ಕಾಲು."

"ಕಾಲು ಹಿಡಿಯೋದೇ ನನ್ ಕೆಲಸ ಕಣವ್ವ. ನಮ್ಮಪ್ಪನ್ ಕೆಲಸಾನೂ ಇದೇ. ಸುಮ್ಕೆ ಕೊಡಿ ಇತ್ಲಾಗೆ."

ಎಡಗೈಯಲ್ಲಿ ಹಿಮ್ಮಡಿ ಹಿಡಿದು ಪೇಪರಿನ ಮೇಲೆ ಮೆಲ್ಲಗೆ ಇಟ್ಟರು. ಪಾದದ ಸುತ್ತ ಪೆನ್ಸಿಲ್ ಎಳೆದರು. ಅರ್ಧ ಬೆರಳಿನ ಹತ್ತಿರ ಬಂದಾಗ, "ಇಲ್ಲಿ ನೋಯ್ತದಾ?" ಎಂದು ಕೇಳಿದರು. ಅತ್ತೆ ಇಲ್ಲವೆಂದು ತಲೆಯಾಡಿಸಿದರು. ಎರಡು ಪಾದವೂ ಮುಗಿಯುವವರೆಗೆ ರಸ್ತೆಯ ಕಡೆಗೇ ನೋಡುತ್ತಿದ್ದರು.

ವಾಪಸು ಬಸ್ಸಿನಲ್ಲಿ ಅರ್ಧ ದಾರಿ ಕಳೆದ ಮೇಲೆ ಅತ್ತೆ ಹೇಳಿದರು: "ನನ್ ಕಾಲು ನೋಯ್ತದಾ ಅಂತ ಯಾರೂ ಕೇಳಿರ್ಲಿಲ್ಲ ಕಣವ್ವ."

ನಾನು ಆ ಮನೆಗೆ ಬಂದು ಐದು ವರ್ಷವಾಗಿತ್ತು. ನಾನೂ ಕೇಳಿರಲಿಲ್ಲ. ಕಿಟಕಿಯ ಕಡೆ ತಿರುಗಿ ಕೂತೆ.

ಮೂರು ವಾರಕ್ಕೆ ಶೂ ತಯಾರಾಯಿತು. ಅದೇ ಕಂದು, ಅದೇ ಹೊಲಿಗೆ, ಮುಂಭಾಗ ಮಾತ್ರ ಬಹಳ ಅಗಲ. ಎಡಗಾಲಿನ ತುದಿಯಲ್ಲಿ, ಅರ್ಧ ಬೆರಳು ಬರುವ ಕಡೆ, ಒಳಗೆ ಸ್ವಲ್ಪ ಹತ್ತಿಯಿಟ್ಟು ಮೆತ್ತೆ ಹೊಲಿದಿದ್ದರು. ಅತ್ತೆ ಶೂಗಳನ್ನು ಮೂಸಿ ನೋಡಿದರು, ಸವರಿದರು, ಪೆಟ್ಟಿಗೆಗೇ ಹಾಕಿಟ್ಟರು. ಒಂದು ತಿಂಗಳು ಹೊರಗೆ ತೆಗೆಯಲಿಲ್ಲ.

ತೆಗೆದದ್ದು ಮಗ್ಗೆ ಎಂಬ ಊರಲ್ಲಿ ನೆಂಟರ ಮನೆಯ ಮದುವೆಗೆ. ಮಾರ್ಚ್ ತಿಂಗಳು. ರೇಷ್ಮೆ ಸೀರೆಯ ಕೆಳಗೆ ಶೂ ಹಾಕಿಕೊಂಡು ಅತ್ತೆ, ಪಕ್ಕದಲ್ಲಿ ಅಂಥದ್ದೇ ಶೂ ಹಾಕಿಕೊಂಡು ಸೊಸೆ. ಚಪ್ಪರದ ಬಾಗಿಲಲ್ಲಿ ಅವರ ವಾರಗಿತ್ತಿಯೊಬ್ಬರು ಬಾಯಿಯ ಮೇಲೆ ಕೈಯಿಟ್ಟುಕೊಂಡರು.

"ಇದೇನಕ್ಕ, ಮಿಲಿಟ್ರಿಗೆ ಸೇರ್ಬುಟ್ರಾ ಅತ್ತೆ ಸೊಸೆ?"

"ಹೂಂ ಕಣೆ, ನಿನ್ ಹೆಸ್ರೂ ಬರ್ಸಿ ಬಂದಿದೀನಿ" ಎಂದು ಅತ್ತೆ ನೇರ ಒಳಗೆ ನಡೆದರು.

ವಾಪಸು ಬಂದು ನಮ್ಮ ಊರಿನ ಕ್ರಾಸಿನಲ್ಲಿ ಇಳಿದಾಗ ನಾಲ್ಕು ಗಂಟೆ. ಆಕಾಶ ಕಪ್ಪಾಗಿತ್ತು. ನೂರು ಹೆಜ್ಜೆ ಹಾಕುವುದರೊಳಗೆ ವರ್ಷದ ಮೊದಲ ಮಳೆ, ಕಾಫಿ ಹೂವಿಗೆ ಎಲ್ಲರೂ ಕಾಯುವ ಮಳೆ, ದೊಡ್ಡ ಹನಿಯಾಗಿ ಶುರುವಾಯಿತು. ಕೊಡೆ ತಂದಿರಲಿಲ್ಲ. ನಾನು ಓಡೋಣವೆಂದು ತಿರುಗಿ ನೋಡಿದರೆ ಅತ್ತೆ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತು ಶೂ ಬಿಚ್ಚುತ್ತಿದ್ದಾರೆ.

"ಅತ್ತೆ, ಏನ್ ಮಾಡ್ತಿದೀರ? ಜಲ್ಲಿ ಚುಚ್ಚುತ್ತೆ!"

"ಕಾಲು ನೆಂದ್ರೆ ಒಣಗ್ತದೆ ಕಣವ್ವ. ಇದು ನೆಂದ್ರೆ ಸಾಬ್ರಿಗೆ ಏನ್ ಹೇಳ್ಲಿ? ನಿಂದೂ ಬಿಚ್ಚು!"

ಎರಡೂ ಶೂಗಳನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡರು. ನಾನೂ ಬಿಚ್ಚಿ ವ್ಯಾನಿಟಿ ಬ್ಯಾಗಿಗೆ ತುರುಕಿದೆ. ರೇಷ್ಮೆ ಸೀರೆಗಳು ತೊಪ್ಪೆಯಾದವು. ಬಿಸಿಲಿಗೆ ಕಾದ ಮಣ್ಣಿನಿಂದ ಹಬೆ ಏಳುತ್ತಿತ್ತು. ಬಹಳ ದಿನದ ಮೇಲೆ ಬರಿಗಾಲಾದ ನಾನು ಹೆಜ್ಜೆ ಹೆಜ್ಜೆಗೆ "ಅಯ್ಯೋ" ಎನ್ನುತ್ತಿದ್ದರೆ, ಅತ್ತೆ ನನ್ನ ರಟ್ಟೆ ಹಿಡಿದು, "ಅಂಚಿಗೆ ಬಾ, ಹುಲ್ಲಿನ ಮ್ಯಾಲೆ ಬಾ" ಎಂದು ಮನೆಯವರೆಗೂ ನಡೆಸಿಕೊಂಡು ಬಂದರು. ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ ನಮ್ಮಿಬ್ಬರನ್ನು ಕಂಡು ಒಳಗಿಂದ ಟವೆಲು ತಂದುಕೊಟ್ಟರು. ಅತ್ತೆ ತಲೆ ಒರೆಸಿಕೊಳ್ಳುವುದಕ್ಕೂ ಮೊದಲು ಶೂ ಒರೆಸಿದರು.

ಆ ಶೂಗಳನ್ನು ಅವರು ಹನ್ನೊಂದು ವರ್ಷ ಹಾಕಿದರು. ಎರಡು ಸಲ ಅಟ್ಟೆ ಬದಲಾಯಿತು. ಎರಡೂ ಸಲ ತಾವೇ ಬಸ್ಸು ಹತ್ತಿ ಅಂಗಡಿಗೆ ಹೋಗಿ, ಸಾಬರು ಹೊಲಿಯುವವರೆಗೆ ಸ್ಟೂಲಿನ ಮೇಲೆ ಕೂತು ಮಾತಾಡಿಕೊಂಡು, ಹೊಲಿಸಿಕೊಂಡೇ ಬಂದರು. ಹೋಗುವಾಗ ನಮ್ಮ ಕಿತ್ತಳೆ, ಬರುವಾಗ ಸಾಬರ ಮನೆಯ ಖರ್ಜೂರ. ಅತ್ತೆಯ ಹಿಮ್ಮಡಿಯ ಬಿರುಕು ಮಾಯವಾಯಿತು. ಶೂವಿನ ಮೇಲಿನ ಚರ್ಮ ಅಲ್ಲಲ್ಲಿ ಸವೆದು ಬೋಳಾಯಿತೇ ಹೊರತು ಎಲ್ಲೂ ಹರಿಯಲಿಲ್ಲ. ಅತ್ತೆ ಹೋಗಿ ಈಗ ಕೆಲವು ವರ್ಷಗಳಾದವು. ಅವರನ್ನು ನೆನೆದಾಗ ನನ್ನ ಕಣ್ಣ ಮುಂದೆ ಹೆಚ್ಚಾಗಿ ಬರುವುದು ಅವರ ಕೊನೆಯ ಬೇಸಗೆ.

ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ, "ಬಿಸಿಲೆ ಘಾಟಿ ಅಂತಾರಲ್ಲ, ಅದು ಹೆಂಗೈತೆ?" ಎಂದು ಕೇಳಿದರು. ಹುಟ್ಟಿದಾಗಿನಿಂದ ಇದೇ ಸೀಮೆಯಲ್ಲಿದ್ದವರು, ಬಿಸಿಲೆಯನ್ನು ನೋಡಿರಲಿಲ್ಲ. ನನ್ನ ಗಂಡ ಅವತ್ತೇ ಜೀಪು ತೆಗೆದರು. ರಸ್ತೆಯಿಂದ ಕಾಡಿನೊಳಗೆ ಸ್ವಲ್ಪ ದೂರ ನಡೆದರೆ ಬೆಟ್ಟಗಳು ಕಾಣುವ ಜಾಗ. ಕೈ ಹಿಡಿಯಲು ಹೋದ ಮಗನನ್ನು ಅತ್ತೆ ಪಕ್ಕಕ್ಕೆ ಸರಿಸಿದರು. ಒಣಗಿದ ಎಲೆಗಳ ಮೇಲೆ ಸದ್ದೇ ಮಾಡದ ಆ ಶೂಗಳಲ್ಲಿ, ನಿಂತು ನಿಂತು, ಒಬ್ಬರೇ ನಡೆದರು. ಕೊನೆಗೆ ಅಂಚಿಗೆ ಹಾಕಿದ ಕಬ್ಬಿಣದ ಕಂಬಿ ಹಿಡಿದು ನಿಂತಾಗ ಎದುರಿಗೆ ಬೆಟ್ಟದ ಹಿಂದೆ ಬೆಟ್ಟ, ಕೆಳಗೆ ಕಾಡು.

ಬಹಳ ಹೊತ್ತು ನೋಡಿದರು. ಆಮೇಲೆ ಮಗನ ಕಡೆ ತಿರುಗಿ, ದೂರು ಹೇಳುವವರಂತೆ ಕೇಳಿದರು:

"ಇಷ್ಟು ಹತ್ರ ಇತ್ತೇನೋ ಇದು? ಇನ್ನೂ ಏನೇನೈತೆ ಈ ಕಡೆ ನೋಡಕ್ಕೆ?"

ನನ್ನ ಗಂಡ ದೂರದ ಬೆಟ್ಟದ ಕಡೆ ಕೈ ತೋರಿಸಿ ಒಂದೊಂದೇ ಹೆಸರು ಹೇಳತೊಡಗಿದರು. ಅತ್ತೆ ಪ್ರತಿಯೊಂದಕ್ಕೂ, "ಅಲ್ಲಿಗೆ ಎಷ್ಟು ದೂರ ನಡೀಬೇಕು?" ಎಂದು ಕೇಳುತ್ತಿದ್ದರು.