ಡ್ರಿಲ್ ಟೀಚರ್ ನಡೆಯುತ್ತಿದ್ದಾರೆ

ಡ್ರಿಲ್ ಟೀಚರ್ ಎಂದರೆ ಕೊರಳಲ್ಲಿ ಸೀಟಿ, ಬಾಯಲ್ಲಿ ‘ಇನ್ನೊಂದು ರೌಂಡು!’, ಹೊಟ್ಟೆನೋವೆಂದ ಹುಡುಗಿಗೂ ಅವರದು ‘ಓಡು, ಹೋಗುತ್ತೆ’ ಎಂಬ ಒಂದೇ ಮದ್ದು. ಈಗ ಗರ್ಭಕೋಶ ತೆಗೆಸಿಕೊಂಡು ಎರಡು ತಿಂಗಳು. ‘ಮತ್ತೆ ಓಡ್ಬೇಕಾ? ಹಾಗಾದ್ರೆ ಸದ್ಯಕ್ಕೆ ನಡೀರಿ, ಕಿಬ್ಬೊಟ್ಟೆ ಎಳೆದ್ರೆ ಕೂತ್ಬಿಡಿ’ ಎಂದಿದ್ದಾರೆ ಡಾಕ್ಟರಮ್ಮ. ಹಾಗಾಗಿ ಆಮೆಗೂ ಆಕಳಿಕೆ ಬರುವಷ್ಟು ನಿಧಾನವಾಗಿ ಮೈದಾನ ಸುತ್ತುತ್ತಾರೆ. ಕಾಲು ತುಸು ಚುರುಕಾದರೆ ತಮಗೆ ತಾವೇ ಸೀಟಿ ಊದಿಕೊಳ್ಳುತ್ತಾರೆ. ಓಡುತ್ತಿದ್ದ ಹುಡುಗಿಯರೆಲ್ಲ ಗಕ್ಕನೆ ನಿಲ್ಲುತ್ತಾರೆ. ‘ನಿಮಗಲ್ಲ ಕಣ್ರೇ, ನನಗೆ!’ ಇವತ್ತು ಮೂರನೇ ಸುತ್ತಿಗೆ ಕಿಬ್ಬೊಟ್ಟೆ ಎಳೆಯಿತು. ಹಟ ಮಾಡದೆ ಕಲ್ಲುಬೆಂಚಿನ ಮೇಲೆ ಕೂತರು. ಅಷ್ಟರಲ್ಲಿ ಒಬ್ಬಳು ಬೈಸಿಕೊಳ್ಳಲು ಸಿದ್ಧಳಾಗಿಯೇ ಬಂದಳು. ‘ಟೀಚರ್, ಹೊಟ್ಟೆನೋವು...’ ಟೀಚರ್ ಪಕ್ಕಕ್ಕೆ ಸರಿದರು. ‘ಬಾರೇ, ಕೂತ್ಕೋ. ಓಡಿದ್ರೆ ಹೋಗುತ್ತೆ ಅಂತ ನಾನೂ ಹತ್ತು ವರ್ಷ ಓಡಿದೆ.’